ಮೊದಲ ತುತ್ತು ಎಶುವಿಗೆ

ಸೋಮವಾರ ಬಂತೆಂದರೆ ನಮ್ಮ ಪಕ್ಕದ ಮನೆಯ ಆಂಟಿಯ ಬೆರಳುಗಳು ಕೇಸರಿ ಬಣ್ಣಕ್ಕೆ ತಿರುಗಿರುತ್ತಿದ್ದವು. ತಾಳೆಯೆಣ್ಣೆಯಲ್ಲಿ ಮರಗೆಣಸಿನ ಹಿಟ್ಟು ಕಲಸಿ ಹತ್ತಿದ ಬಣ್ಣ. ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಬ್ರೆಜಿಲ್‌ನಿಂದ ಬಂದು ನ್ಯೂಜಿಲೆಂಡಿನ ಈ ಫ್ಲ್ಯಾಟ್ ಬುಷ್ ಬಡಾವಣೆಯಲ್ಲಿ ನೆಲೆಸಿದ್ದ ಅವರು ನಿವೃತ್ತ ಸಂಗೀತ ಟೀಚರ್. ಅದಕ್ಕಿಂತ ಹೆಚ್ಚಾಗಿ, ಆಫ್ರಿಕಾದಿಂದ ಗುಲಾಮರಾಗಿ ಹೋದವರು ಬ್ರೆಜಿಲ್‌ನಲ್ಲಿ ಉಳಿಸಿಕೊಂಡ ದೇವರುಗಳ ಪೂಜಾರಿಣಿ.

ಅವರ ಗೇಟಿನ ಒಳಗೆ, ಪುಟ್ಟ ಗೂಡಿನಲ್ಲಿ, ತ್ರಿಶೂಲ ಹಿಡಿದ ಕಬ್ಬಿಣದ ಎಶು ಕುಳಿತಿದ್ದ. ಮನುಷ್ಯರ ಮಾತನ್ನು ದೇವತೆಗಳಿಗೆ ಮುಟ್ಟಿಸುವ ದೂತ. ಕೆಲವು ಪಂಥಗಳಲ್ಲಿ ಅವನೇ ಒಬ್ಬ ದೇವರು. ಇನ್ನು ಕೆಲವುಗಳಲ್ಲಿ ಕರಿ ನಿಲುವಂಗಿ ತೊಟ್ಟು ಚುಟ್ಟಾ ಸೇದುವ ಬೀದಿಯ ಆತ್ಮಗಳ ದಂಡಿಗೇ ಆ ಹೆಸರು. ಕೆಂಪು ಲಂಗದ ಹೆಣ್ಣುರೂಪವೂ ಉಂಟು. “ಇವರಲ್ಲಿ ನಿಜವಾದವನು ಯಾರು?” ಎಂದು ಕೇಳಿದರೆ, “ಹಸಿದವನು!” ಎಂದು ಆಂಟಿ ಹೊಟ್ಟೆ ಕುಣಿಸಿ ನಗುತ್ತಿದ್ದರು.

ಒಮ್ಮೆ ವಾಕಿಂಗ್‌ಗೆ ಹೋದ ನಮ್ಮ ಅತ್ತೆ ಏದುಸಿರು ಬಿಡುತ್ತ ಬಂದರು. ರಸ್ತೆಗಳು ಕೂಡುವಲ್ಲಿ ಮಣ್ಣಿನ ಬಟ್ಟಲು, ಕೆಂಪು ಮೆಣಸಿನಕಾಯಿ ಕಂಡಿದ್ದರಂತೆ. “ಯಾರೋ ಮಾಟ ಮಾಡಿಸ್ಯಾರ ನೋಡವಾ, ನಾ ದಾಟಿಬಿಟ್ಟೆ!” ಎಂದು ಕಾಲು ತೊಳೆದದ್ದೇ ತೊಳೆದದ್ದು. ಧಾರವಾಡದ ಭಯವೂ ವಿಮಾನ ಹತ್ತಿ ಬಂದಿತ್ತು. ಅದು ಪ್ರತಿ ಸೋಮವಾರ ತಾನೇ ಎಶುವಿಗೆ ಇಡುವ ಊಟ, ದಾರಿ ಕೂಡುವ ಜಾಗ ಅವನದು ಎಂದು ಆಂಟಿ ಹೇಳಿಕಳಿಸಿದರೂ ಅತ್ತೆ ನಂಬಲಿಲ್ಲ. ಆ ಗೇಟಿನ ಕಡೆ ತಲೆಯೆತ್ತಿ ನೋಡುವುದನ್ನೇ ಬಿಟ್ಟರು.

ಆಂಟಿಯ ಹೃದಯ ದುರ್ಬಲವಾಗುತ್ತಿತ್ತು. ನಾನು ನರ್ಸ್, ಅವರ ಪಾದದ ಬಾವು ನೋಡಿದರೇ ನನಗೆ ತಿಳಿಯುತ್ತಿತ್ತು. ಹೋಗುವ ಮೊದಲು ಒಮ್ಮೆ ಎಲ್ಲರೆದುರು ಹಬ್ಬ ಮಾಡಬೇಕೆಂಬುದು ಅವರ ಆಸೆ. ಈ ಪೂಜೆಗೆ ನಿಷೇಧವಿದ್ದ ಅವರ ಅಜ್ಜಿಯ ಕಾಲದಲ್ಲಿ ಇಂಥದೇ ಹಬ್ಬಕ್ಕೆ ಪೊಲೀಸರು ನುಗ್ಗಿ ಡೋಲುಗಳನ್ನು ಹೊತ್ತೊಯ್ದಿದ್ದರಂತೆ. ಕಮ್ಯುನಿಟಿ ಹಾಲ್ ಕೇಳಲು ನಾನೂ ಜೊತೆಗೆ ಹೋದೆ. ಹಾಲ್ ನೋಡಿಕೊಳ್ಳುತ್ತಿದ್ದ, ಈ ನಾಡಿನವರೇ ಆದ ಅಜ್ಜ, ಆಂಟಿ ತೋರಿಸಿದ ಎಶುವಿನ ಫೋಟೋ ನೋಡಿ ತಲೆ ಕೆರೆದುಕೊಂಡರು.

“ಡ್ರಮ್ಸ್, ಡಾನ್ಸ್ ಎಲ್ಲ ಓಕೆ. ಆ ಡೆವಿಲ್ ಮಾತ್ರ ಬೇಡ. ಜನ ಹೆದರ್ತಾರೆ.”

“ಡೆವಿಲ್ ಅಂತ ಹೆಸರಿಟ್ಟದ್ದು ಬೇರೆಯವರು. ನಮ್ಮ ಮಾತು ಹೊತ್ತುಕೊಂಡು ಹೋಗೋನು ಅವನು. ಮೊದಲ ತುತ್ತು ಅವನಿಗೆ ಕೊಡದಿದ್ರೆ ಯಾವ ದೇವರೂ ಕುಣಿಯೋರ ಮೈಮೇಲೆ ಬರಲ್ಲ. ಅವನು ಬೇಡ ಅಂದ್ರೆ ಹಬ್ಬವೂ ಬೇಡ,” ಎಂದರು ಆಂಟಿ.

ಒಪ್ಪಿಕೊಳ್ಳಿ ಎಂದು ಆಂಟಿಯನ್ನು ಮೊಣಕೈಯಿಂದ ತಿವಿದೆ. ಅವರು ನನ್ನತ್ತ ನೋಡಲೂ ಇಲ್ಲ. ಅಜ್ಜ ಮುಂದಕ್ಕೆ ಬಾಗಿ ಕೇಳಿದರು. “ಅಂದ್ರೆ, ನಿಮ್ಮ ಪೋಸ್ಟೀನಾ ಅವನು, ಅಂಚೆಯವನಾ?”

“ಹೌದು! ಹೊಟ್ಟೆಬಾಕ ಪೋಸ್ಟೀ!”

ಅಜ್ಜ ಮೇಜು ಕುಟ್ಟಿ ನಕ್ಕರು. ಹಾಲ್ ಸಿಕ್ಕಿತು.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಅತ್ತೆ ಎಷ್ಟೋ ದಿನಗಳ ನಂತರ ಕಿಟಕಿಯಿಂದ ಆ ಗೇಟಿನ ಕಡೆ ನೋಡಿದರು. “ಹಬ್ಬ ಬಿಡತೇನಂದ್ಲು, ದೇವರನ್ನ ಬಿಡಲಿಲ್ಲ. ಗಟ್ಟಿ ಹೆಣ್ಮಗಳು,” ಎಂದರು. ಹಬ್ಬದ ದಿನ ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ಹೋಗಿ ಕುಳಿತರು.

ಆ ಚಳಿಗಾಲ ಮುಗಿಯುವ ಮುನ್ನ ಆಂಟಿ ತೀರಿಕೊಂಡರು. ಆದರೆ ಅವರನ್ನು ನೆನೆದಾಗ ನನಗೆ ಅಳು ಬರುವುದಿಲ್ಲ. ಹೆಮ್ಮೆಯಿಂದ ಎದೆ ಉಬ್ಬುತ್ತದೆ. ಹಬ್ಬದ ದಿನ ಬಾತ ಕಾಲಿನಲ್ಲೇ ಅವರು ಎಶುವಿನ ಬಟ್ಟಲು ಎತ್ತಿ ಹಿಡಿದು ಹಾಲ್‌ನ ಉದ್ದಕ್ಕೂ ನಡೆದಿದ್ದರು. ಇಡೀ ಬೀದಿಯ ಜನ ಎದ್ದು ದಾರಿ ಬಿಟ್ಟರು. ಬಾಗಿಲಾಚೆ ಎಶುವಿಗೆ ಬಡಿಸಿ ಅವರು ಒಳಗೆ ಬಂದದ್ದೇ ತಡ, ಡೋಲುಗಳು ಮೊಳಗಿದವು, ನೆಲ ನಡುಗಿತು. ಆ ಗದ್ದಲದಲ್ಲಿ ಅತ್ತೆ ನನ್ನ ಕಿವಿಗೆ ಬಾಯಿಟ್ಟು ಕೂಗಿದರು: “ಅಂವಗ ಊಟ ಮುಟ್ಟಿತೇನ, ಕೇಳ!”

ಕೇಳಿದೆ. ಆಂಟಿ ಕುಣಿಯುತ್ತಿದ್ದ ಜನರ ಕಡೆ ಕೈ ಚಾಚಿದರು. “ಮುಟ್ಟಿತು ಅಂತ ಹೇಳು. ಎಲ್ಲರೂ ಬಂದಿದ್ದಾರೆ.”