ವಾಸಣ್ಣನ ಕಣ್ಣು, ನನ್ನ ಹೆಬ್ಬೆರಳಿನ ಬಟನ್

2009ರಲ್ಲಿ ನಾನು ಮುಂಬೈ ಪಕ್ಕದ ಠಾಣೆ ಊರಿನ ನೌಪಾಡಾದ ಒಂದು ಫೋಟೊ ಸ್ಟುಡಿಯೊದಲ್ಲಿ ಎರಡನೇ ಫೋಟೊಗ್ರಾಫರ್ ಆಗಿದ್ದೆ. ಮೊದಲನೆಯವರು ಉಡುಪಿ ಕಡೆಯ ವಾಸಣ್ಣ. ಫಿಲ್ಮ್ ರೋಲಿನ ಕಾಲದಿಂದ ಮದುವೆ ತೆಗೆದವರು. ಡೊಂಬಿವಲಿ, ಕಲ್ಯಾಣದ ನಮ್ಮೂರ ಹೋಟೆಲಿನವರು ಅವರನ್ನು ಕೇಳದೆ ಮುಹೂರ್ತವನ್ನೇ ಇಡುವುದಿಲ್ಲ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಆ ವರ್ಷ ನಾನು ಹೊಸ ಡಿಜಿಟಲ್ ಕ್ಯಾಮೆರಾ ಕೊಂಡೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಅದರ ಬಟನ್‌ಗಳನ್ನೆಲ್ಲ ನನಗೆ ಬೇಕಾದ ಹಾಗೆ ಬದಲಿಸಿಕೊಂಡೆ. ಸಾಮಾನ್ಯವಾಗಿ ಶಟರ್ ಅರ್ಧ ಒತ್ತಿದರೆ ಫೋಕಸ್ ಆಗುತ್ತದೆ, ಪೂರ್ತಿ ಒತ್ತಿದರೆ ಚಿತ್ರ ಬೀಳುತ್ತದೆ. ನಾನು ಫೋಕಸನ್ನು ಶಟರಿನಿಂದ ತೆಗೆದು, ಹಿಂಬದಿಯಲ್ಲಿ ಹೆಬ್ಬೆರಳಿಗೆ ಸಿಗುವ ಬಟನ್‌ಗೆ ಕೊಟ್ಟೆ. ಮುಂದಿನ ಇನ್ನೊಂದು ಬಟನ್ ಒತ್ತಿ ಹಿಡಿದರೆ ಸ್ಪಾಟ್ ಮೀಟರಿಂಗ್, ಅಂದರೆ ಇಡೀ ದೃಶ್ಯದ ಬದಲು ಮುಖದ ಬೆಳಕನ್ನಷ್ಟೇ ಅಳೆಯುವುದು. ಮೆನುವಿನಲ್ಲಿ ತಡಕಾಡುವ ಗೋಜಿಲ್ಲ.

"ಎಂತ ಮಾರಾಯ, ಹಾರ್ಮೋನಿಯಂ ಬಾರಿಸುದಾ?" ಎಂದು ವಾಸಣ್ಣ ನಕ್ಕರು. ನನಗೆ ಚುಚ್ಚಿತು. ಯಾವ ಬಟನ್ ಏನು ಎಂದು ಹೇಳಲೇ ಇಲ್ಲ.

ಡಿಸೆಂಬರಿನಲ್ಲಿ ಡೊಂಬಿವಲಿಯ ಒಂದು ಹಾಲ್‌ನಲ್ಲಿ ಮದುವೆ. ವಾಸಣ್ಣ ಮಂಟಪದ ಮೇಲೆ, ನಾನು ಕೆಳಗೆ. ಧಾರೆಗೆ ಇನ್ನೇನು ಚೆಂಬು ಎತ್ತಬೇಕು, ಅವರ ಕ್ಯಾಮೆರಾದ ಬ್ಯಾಟರಿ ಸತ್ತಿತು. ನಾನು ಓಡಿ ನನ್ನದನ್ನು ಅವರ ಕೈಗಿಟ್ಟು, ಅವರದನ್ನು ತೆಗೆದುಕೊಂಡು ಬಂದೆ. ವಾದ್ಯದ ಸದ್ದು ಜೋರಾಗಿತ್ತು ನಿಜ. ಆದರೆ ಕಿವಿಯ ಹತ್ತಿರ "ಹೆಬ್ಬೆರಳಿನದ್ದು ಒತ್ತಿ" ಎನ್ನಲು ಎಷ್ಟು ಹೊತ್ತು ಬೇಕಿತ್ತು? ನನಗೆ ನೆನಪೇ ಆಗಲಿಲ್ಲ.

ಮರುದಿನ ಸ್ಟುಡಿಯೊದ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ದೊಡ್ಡದು ಮಾಡಿದೆವು. ಧಾರೆಯ ಹದಿನಾಲ್ಕು ಫ್ರೇಮು. ಹದಿನಾಲ್ಕರಲ್ಲೂ ಮುಖಗಳು ಮಸುಕು, ಹಿಂದಿನ ಸೇವಂತಿಗೆ ಪರದೆ ಮಾತ್ರ ಎಸಳೆಸಳೂ ಸ್ಪಷ್ಟ. ನಾನು ಕೊನೆಗೆ ಫೋಕಸ್ ಮಾಡಿದ್ದ ದೂರದಲ್ಲೇ ಲೆನ್ಸ್ ನಿಂತುಬಿಟ್ಟಿತ್ತು. ಹಿಂದಿನಿಂದ ಬೀಳುತ್ತಿದ್ದ ವಿಡಿಯೊದವರ ಲೈಟಿನಿಂದಾಗಿ ಮುಖಗಳು ಕಪ್ಪಾಗಿಯೂ ಇದ್ದವು. ಕಪ್ಪನ್ನು ಕಂಪ್ಯೂಟರ್ ತಿದ್ದೀತು, ಮಸುಕನ್ನು ತಿದ್ದದು. ನೋಡಿದ ಕ್ಷಣವೇ ನನಗೆ ಕಾರಣ ಗೊತ್ತಾಯಿತು: ಅವರು ಹೆಬ್ಬೆರಳಿನ ಬಟನ್ ಒತ್ತಿರಲಿಲ್ಲ.

ಸ್ಟುಡಿಯೊದ ಮಾಲೀಕರು ಹದಿನಾಲ್ಕನ್ನೂ ಇನ್ನೊಮ್ಮೆ ನೋಡಿ, "ವಾಸಣ್ಣ, ಒಮ್ಮೆ ಕಣ್ಣು ತೋರ್ಸಿಕೊಳ್ಳಿ" ಎಂದರು.

ವಾಸಣ್ಣ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. "ಹೌದು, ನಂಗೆ ಕ್ಯಾಮೆರಾದ ಒಳಗೆ ಸಮ ಕಾಣ್ಲಿಲ್ಲ. ಹೋಮದ ಹೊಗೆ ಅಂತ ಮಾಡಿದೆ" ಎಂದರು.

ನಾನು ಅಲ್ಲೇ ನಿಂತಿದ್ದೆ, ಮಾತಾಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಿಗಾದರೂ ಒಂದಿಷ್ಟು ಅಳುಕಿತ್ತು. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ವಾಸಣ್ಣನನ್ನು ಪಾಸ್‌ಪೋರ್ಟ್ ಫೋಟೊ ಕತ್ತರಿಸುವ ಕೌಂಟರಿಗೆ ಕೂರಿಸಿದರು, ಮದುವೆಗಳು ನನ್ನ ಪಾಲಾದವು. ನಾಲ್ಕು ತಿಂಗಳಲ್ಲಿ ಅವರು ಕೆಲಸ ಬಿಟ್ಟು ಖಾರಘರದಲ್ಲಿದ್ದ ಮಗಳ ಮನೆಗೆ ಹೋದರು. ಹೋಗುವಾಗ ತಮ್ಮ ಹಳೆಯ ಫ್ಲ್ಯಾಶನ್ನು ನನಗೆ ಕೊಟ್ಟರು. ನಾಚಿಕೆಯಿಲ್ಲದೆ ತೆಗೆದುಕೊಂಡೆ.

2015ರಲ್ಲಿ ಕಲ್ಯಾಣದ ಒಂದು ಮದುವೆಯಲ್ಲಿ ಬೇರೆಯವರ ಕ್ಯಾಮೆರಾ ಎರವಲು ಪಡೆದೆ. ಹೆಬ್ಬೆರಳಿನ ಬಟನ್ ಒತ್ತಿದರೆ ಫೋಕಸ್ ಆಗಲಿಲ್ಲ. ಅವರೂ ಬಟನ್‌ಗಳನ್ನು ತಮಗೆ ಬೇಕಾದ ಹಾಗೆ ಬದಲಿಸಿದ್ದರು. ಒಂದು ಕ್ಷಣ ನನ್ನ ಕಣ್ಣಿಗೇ ಏನೋ ಆಯಿತೆಂದು ಹೆದರಿದೆ. ವಾಸಣ್ಣ ಅದೇ ಹೆದರಿಕೆಯಲ್ಲಿ ಆರು ವರ್ಷ ಕಳೆದಿದ್ದರು. ಆ ಭಾನುವಾರವೇ ಖಾರಘರಕ್ಕೆ ಹೋದೆ.

ಏಳನೇ ಮಹಡಿ. ವಾಸಣ್ಣ ಕಿಟಕಿಯ ಬಳಿ ಕೂತು ಮೊರದಲ್ಲಿ ಅಕ್ಕಿಯಿಂದ ಬಿಳಿ ಕಲ್ಲು ಹೆಕ್ಕುತ್ತಿದ್ದರು. ಕಣ್ಣು ಹೋದವರು ಮಾಡುವ ಕೆಲಸವಲ್ಲ ಅದು. ನಾನು ಪೀಠಿಕೆ ಹಾಕದೆ ಎಲ್ಲ ಹೇಳಿ, ನನ್ನ ಕ್ಯಾಮೆರಾ ಅವರ ಕೈಗಿಟ್ಟೆ. ಅವರು ಎದುರಿನ ಗುಡ್ಡಕ್ಕೆ ಹಿಡಿದು ಶಟರ್ ಅರ್ಧ ಒತ್ತಿದರು, ಏನೂ ಆಗಲಿಲ್ಲ. ಅವರ ಹೆಬ್ಬೆರಳನ್ನು ಹಿಡಿದು ಹಿಂದಿನ ಬಟನ್ ಮೇಲಿಟ್ಟೆ. ಒತ್ತಿದರು. ಬಿಟ್ಟು, ಮತ್ತೆ ಒತ್ತಿದರು.

"ಮೂರು ಡಾಕ್ಟರಿಗೆ ತೋರ್ಸಿದೆ. ಮೂವರೂ ಕಣ್ಣು ಸರಿ ಉಂಟು ಅಂದ್ರು" ಎಂದರು. "ನಾನೇ ನಂಬ್ಲಿಲ್ಲ. ನೀನು ಹೇಳಿದ್ರೆ ನಂಬ್ತಿದ್ದೆ ಮಾರಾಯ."

ಅವರು ಬೈದಿದ್ದರೆ ಚೆನ್ನಾಗಿತ್ತು. ನಾನು ಅತ್ತೆ. ಅವರು ನನ್ನ ಕಡೆ ನೋಡಲಿಲ್ಲ. ಕ್ಯಾಮೆರಾವನ್ನು ನನ್ನ ಕಡೆ ಚಾಚಿ, "ಮೊದ್ಲಿನ ಹಾಗೆ ಮಾಡಿ ಕೊಡು" ಎಂದರು. ಬಟನ್‌ಗಳನ್ನು ಕಂಪನಿಯಿಂದ ಬಂದಂತೆ ಮಾಡಿ ಕೊಟ್ಟೆ. ಒಳಗೆ ಆಡುತ್ತಿದ್ದ ಮೊಮ್ಮಗಳನ್ನು ಕರೆದು ಕಿಟಕಿಯ ಬೆಳಕಿಗೆ ನಿಲ್ಲಿಸಿದರು. ಐದು ವರ್ಷದ ಮಗು. ಅದು ಹುಟ್ಟಿದ ಮೇಲೆ ಅವರು ಕ್ಯಾಮೆರಾ ಮುಟ್ಟಿರಲಿಲ್ಲ.

ಕೈ ಬದಲಾಗುವ ಯಾವ ಉಪಕರಣದ ಜೊತೆಗೂ ಎರಡು ಮಾತು ಕೈ ಬದಲಾಗಬೇಕು ಎಂಬುದು ಈ ಕೆಲಸ ಕಲಿಸಿದ ಪಾಠ. ಈಗ ಹೇಳದೆ ನಾನು ಯಾರಿಗೂ ಕ್ಯಾಮೆರಾ ಕೊಡುವುದಿಲ್ಲ. ಮರೆತದ್ದನ್ನು ಯಾರಾದರೂ ಕ್ಷಮಿಸಿಯಾರು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡದ್ದಕ್ಕೆ ನಾನು ಕ್ಷಮೆ ಕೇಳುವ ಹಾಗೂ ಇಲ್ಲ.

ಆ ದಿನ ಮಗು ಕ್ಯಾಮೆರಾವನ್ನೂ ಅಜ್ಜನನ್ನೂ ಆಶ್ಚರ್ಯದಿಂದ ನೋಡಿ, ಅಜ್ಜನಿಗೆ ಫೋಟೊ ತೆಗೆಯಲು ಬರುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿತು: "ಅಜ್ಜಾ, ಆಪ್‌ಕೋ ಫೋಟೊ ನಿಕಾಲ್ನಾ ಆತಾ ಹೈ?"