ಖೂಣ ಖಾಲಿ ಐತೇನ್ರಿ?

ಕಳೆದ ತಿಂಗಳು ಹಳೆಯ ವ್ಯಾಕರಣದ ಪುಸ್ತಕವೊಂದನ್ನು ತೆರೆದಾಗ ಒಳಗಿನಿಂದ ಬೆರಳಗಲದ ಕಾಗದದ ಪಟ್ಟಿಯೊಂದು ಜಾರಿ ಬಿತ್ತು. ಬೀಡಿ ಕಟ್ಟಿಗೆ ಸುತ್ತುವ ತೆಳು ಕಾಗದ. ಬಣ್ಣ ಹೋಗಿತ್ತು, ಎಣ್ಣೆಯ ಕಲೆ ಹೋಗಿರಲಿಲ್ಲ. ಉದ್ದಕ್ಕೂ ಒಂದೇ ಅಳತೆಯ ಸಣ್ಣ ಸಣ್ಣ ಮಡಿಕೆಗಳು. ಮೂಗಿಗೆ ಹಿಡಿದೆ, ವಾಸನೆ ಏನೂ ಉಳಿದಿರಲಿಲ್ಲ. ನಿಪ್ಪಾಣಿಯ ಮಿಸ್ತ್ರಿಯವರು ನೆನಪಾದರು...

ನಾನು ತೆಲಸಂಗದವನು. ಕನ್ನಡ ಮಾಸ್ತರನಾಗಿ ನಿಪ್ಪಾಣಿಯ ಹೈಸ್ಕೂಲಿಗೆ ವರ್ಗವಾದ ವರ್ಷ ಅಪ್ಪನ ಹಳೆಯ ಕಾರನ್ನೂ ಲಾರಿಯಲ್ಲಿ ಹೇರಿಸಿಕೊಂಡು ಬಂದಿದ್ದೆ. ಅಪ್ಪ ತೀರಿಕೊಂಡ ಮೇಲೆ ಅದು ಹೊಲದ ಮನೆಯ ಮುಂದೆ ನಿಂತಲ್ಲೇ ನಿಂತಿತ್ತು. ಅಂಥ ಎಂಜಿನ್ ಬಿಚ್ಚಿ ಮತ್ತೆ ಕಟ್ಟಬಲ್ಲವರು ಈ ಸೀಮೆಯಲ್ಲಿ ಒಬ್ಬರೇ ಎಂದು ಕೇಳಿದವರೆಲ್ಲ ಈ ಮಿಸ್ತ್ರಿಯವರ ಶೆಡ್ಡು ತೋರಿಸಿದರು.

ಅವರ ಊರು ಕೊಗನೊಳ್ಳಿ, ಮನೆಯ ಮಾತು ಮರಾಠಿ. ನನ್ನ ಜೊತೆ ಕನ್ನಡದಲ್ಲಿ ಶುರುಮಾಡಿದ ಮಾತು ನಡುದಾರಿಯಲ್ಲಿ ಗಡಿ ದಾಟಿ ಹೋಗಿ ಮತ್ತೆ ವಾಪಸು ಬರುತ್ತಿತ್ತು. ಗುರುತಿಗೆ ಅವರು ಖೂಣ ಎನ್ನುತ್ತಿದ್ದರು. ಅಷ್ಟನ್ನು ನಾನು ಕಲಿತಿದ್ದೆ, ಕಲಿತದ್ದಕ್ಕೆ ಒಳಗೊಳಗೇ ಬೀಗುತ್ತಲೂ ಇದ್ದೆ. ಶಾಲೆ ಬಿಟ್ಟ ಮೇಲೆ ದಿನಾ ಹೋಗಿ ಅವರ ಕೆಲಸ ನೋಡುತ್ತ ಕೂಡುತ್ತಿದ್ದೆ.

ಎಂಜಿನ್ನಿನ ಮುಂಭಾಗದಲ್ಲಿ ಎರಡು ಗಿಯರುಗಳಿದ್ದವು. ಕೆಳಗಿನ ಸಣ್ಣದು ಪಿಸ್ಟನ್ನುಗಳದು, ಮೇಲಿನ ದೊಡ್ಡದು ವಾಲ್ವುಗಳದು. ದೊಡ್ಡದರ ಹಲ್ಲು ಸವೆದಿದ್ದರಿಂದ ಕೊಲ್ಹಾಪುರದಿಂದ ಬೇರೊಂದನ್ನು ತರಿಸಿದ್ದರು. ಅದು ಸಣ್ಣದರ ಜೊತೆ ಸರಿಯಾಗಿ ಕೂಡುತ್ತದೋ ಇಲ್ಲವೋ ಅಳೆಯಲು ಅವರ ಹತ್ತಿರ ಗೇಜ್ ಇತ್ತು, ಆದರೆ ಅದು ಡಬ್ಬಿ ಬಿಟ್ಟು ಹೊರಬಂದದ್ದನ್ನು ನಾನು ಕಾಣೆ. ಅವರು ನಂಬಿದ್ದು ಬೀಡಿ ಕಟ್ಟಿನ ಕಾಗದವನ್ನು. ಒಂದು ಪಟ್ಟಿ ಹರಿದು ಹಲ್ಲುಗಳ ನಡುವೆ ಕೊಟ್ಟು ಮೆಲ್ಲಗೆ ತಿರುಗಿಸುವರು. ಕಾಗದ ತುಂಡಾದರೆ ಬಿಗಿ, ಮಡಿಕೆಯೇ ಮೂಡದಿದ್ದರೆ ಸಡಿಲು. ಆ ದಿನ ಕಾಗದ ಮಡಿಕೆ ಬಿದ್ದು, ಹರಿಯದೆ ಹೊರಬಂತು.

"ಬರೋಬರಿ," ಎಂದು ಅದನ್ನು ನನ್ನ ಕೈಗಿಟ್ಟರು. "ನೋಡ್ರಿ ಸರ, ಎಷ್ಟ ಛಂದ ಕೂಡ್ಯಾವು. ಗಂಡ ಹೆಂಡತಿನೂ ಹಿಂಗ ಕೂಡೂದಿಲ್ಲ."

ಉಳಿದದ್ದು ಖೂಣ. ಎರಡೂ ಗಿಯರುಗಳ ಮೇಲೆ ಒಂದೊಂದು ಚುಕ್ಕೆ ಇರುತ್ತದೆ, ಎರಡೂ ಎದುರುಬದುರಾಗಿ ನಿಲ್ಲಬೇಕು. ಇದು ನನಗೆ ಆಮೇಲೆ ತಿಳಿದದ್ದು. ಸಣ್ಣ ಗಿಯರಿನ ಚುಕ್ಕೆಯನ್ನು ಕೊರೆದಿದ್ದರು, ಅದು ಅವರ ಬೆರಳಿಗೆ ಸಿಕ್ಕಿತು. ದೊಡ್ಡದರದು ಬರೀ ಬಣ್ಣದ ಚುಕ್ಕೆ. ಅವರ ಕಣ್ಣಿಗೆ ಪೊರೆ ಬಂದಿತ್ತು, ಯಾರಿಗೂ ಹೇಳಿರಲಿಲ್ಲ. ಚಷ್ಮಾ ಮನೆಯಲ್ಲಿ ಮರೆತೆ ಎಂದರು.

"ಸರ, ದೊಡ್ಡದರ ಖೂಣ ಖಾಲಿ ಐತೇನ್ ನೋಡ್ರಿ."

ಬಗ್ಗಿ ನೋಡಿದೆ. ಹಲ್ಲು ಕೂಡಿದ ಜಾಗದಲ್ಲಿ ದೊಡ್ಡ ಗಿಯರಿನ ಮೇಲೆ ಏನೂ ಇರಲಿಲ್ಲ.

"ಹೌದ್ರಿ, ಖಾಲಿ ಐತಿ."

"ಪಕ್ಕಾ?"

"ಪಕ್ಕಾ ರಿ."

ಅವರು ಪಾನಾ ಹಿಡಿದು ಬೋಲ್ಟು ಬಿಗಿದರು. ಉಳಿದದ್ದನ್ನೆಲ್ಲ ಜೋಡಿಸಿ ಮೂರನೆಯ ದಿನ ಹ್ಯಾಂಡಲ್ ಹಾಕಿ ಕೈಯಿಂದಲೇ ತಿರುಗಿಸಿ ನೋಡಿದರು. ಅರ್ಧ ಸುತ್ತಿಗೆ ಟಕ್ ಎಂದು ನಿಂತಿತು. ವಾಲ್ವು ಪಿಸ್ಟನ್ನಿಗೆ ತಾಗಿತ್ತು. ಮುಂದೆ ಜೋರು ಮಾಡದೆ ಮುಚ್ಚಳ ಬಿಚ್ಚಿದರು, ಮುಖವನ್ನು ಗಿಯರಿನ ಹತ್ತಿರಕ್ಕೆ ಒಯ್ದರು. ಪಕ್ಕದ ಶೆಡ್ಡಿನ ಮೆಕ್ಯಾನಿಕ್ ಬಂದು ಇಣುಕಿದ. "ಕಾಕಾ, ಖೂಣ ಬ್ಯಾರೆ ಕಡೆನ ಐತಲ್ಲ!"

ಮಿಸ್ತ್ರಿಯವರು ಒಂದು ಚಿಂದಿ ತೆಗೆದುಕೊಂಡು ಕೈ ಒರೆಸಿಕೊಂಡರು. "ನೀವು ನೋಡಿ ಹೇಳಿದ್ರಿ. ನಾನ ಬಿಗಿಯೂವಾಗ ಜಾರಿಸೇನಿ. ನನ್ನ ಕೈ ಹ್ವಾದ್ವು ಸರ." ಮರುದಿನದಿಂದ ಶೆಡ್ಡು ತೆರೆಯಲಿಲ್ಲ. ನಾನು ಅವರ ಮಾತನ್ನು ನಂಬಿದೆ, ಪಾಪ ಎಂದೂ ಅಂದುಕೊಂಡೆ. ಪಕ್ಕದವನು ಅರ್ಧ ದಿನದಲ್ಲಿ ಗಿಯರು ಕೂಡಿಸಿಕೊಟ್ಟ. ಕಾರು ಓಡಿತು.

ಎಂಟು ದಿನದ ಮೇಲೆ ಶಾಲೆಯ ಮರಾಠಿ ಮಾಸ್ತರರ ಮನೆಗೆ ಊಟಕ್ಕೆ ಹೋಗಿದ್ದೆ. ಅವರ ತಾಯಿ ಚಾಪೆಯತ್ತ ಕೈ ತೋರಿಸಿ "ಖಾಲಿ ಬಸಾ" ಎಂದರು. ನಾನು ಖಾಲಿ ಕುರ್ಚಿ ಎಲ್ಲಿದೆ ಎಂದು ಹುಡುಕಿದೆ. ಮನೆಮಂದಿಯೆಲ್ಲ ನಕ್ಕರು. "ಕೆಳಗ ಕುಂದರ್ರಿ ಅಂದ್ರು ಸರ. ಮರಾಠ್ಯಾಗ ಖಾಲಿ ಅಂದ್ರ ಕೆಳಗ," ಎಂದು ಮಾಸ್ತರರು ಹೇಳಿದರು. ಆ ದಿನ ಶೆಡ್ಡಿನಲ್ಲಿ ಚುಕ್ಕೆ ಕೆಳಗಿದೆಯೇ ಎಂದು ಮಿಸ್ತ್ರಿ ಕೇಳಿದ್ದರು. ನಾನು ಹೌದು ಎಂದಿದ್ದೆ, ಅದೂ ಎರಡು ಸಲ.

ಮರುದಿನವೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಮಾಸ್ತರ ಒಂದು ಶಬ್ದ ತಿಳಿಯದೆ ಎಂಜಿನ್ ಕೆಡಿಸಿದ ಎಂದು ಬಜಾರವೆಲ್ಲ ನಗುತ್ತದೆ ಎನಿಸಿತು. ನಾಚಿಕೆ, ಅಷ್ಟೇ, ಬೇರೆ ಕಾರಣವಿರಲಿಲ್ಲ. ಹೇಗೂ ಅವರಿಗೆ ವಯಸ್ಸಾಗಿದೆ, ಕಣ್ಣೂ ಕಾಣುವುದಿಲ್ಲ, ಬಿಟ್ಟದ್ದೇ ಒಳ್ಳೆಯದಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕಾಗದ ಸಿಕ್ಕ ವಾರ ಕೊಗನೊಳ್ಳಿಗೆ ಹೋದೆ. ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗಳು ಮನೆಯಲ್ಲಿದ್ದರು, ಚಹಾ ಕೊಟ್ಟರು. ಎಲ್ಲವನ್ನೂ ಹೇಳಿದೆ. ಖಾಲಿ ಎಂಬ ಶಬ್ದಕ್ಕೆ ಅವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು.

"ಕೆಲಸ ಬಿಟ್ಟ ವರ್ಷನ ಮಿರಜಕ್ಕ ಕರಕೊಂಡ ಹೋಗಿ ಕಣ್ಣಿನ ಆಪರೇಷನ್ ಮಾಡಿಸಿದ್ವಿ ಸರ. ಸೂಜ್ಯಾಗ ದಾರ ಪೋಣಸತಿದ್ರು, ಅಷ್ಟ ಛಲೋ ಕಾಣಾಕತ್ತಿತ್ತು. ಶೆಡ್ಡಿಗೆ ಹೋಗ್ರಿ ಅಪ್ಪಾ ಅಂದ್ರ ಒಲ್ಲೆ ಅಂತಿದ್ರು. ಕಣ್ಣ ಬಂದಾವು, ಕೈ ಹೋಗ್ಯಾವು ಅಂತಿದ್ರು."

"ಆಮೇಲೆ ಎಷ್ಟು ವರ್ಷ ಇದ್ದರು?"

"ಹನ್ನೊಂದ್ ವರ್ಷ್ರಿ. ಒಂದ ಪಾನಾ ಕೈಯಾಗ ಹಿಡೀಲಿಲ್ಲ."

ಆ ಹನ್ನೊಂದರಲ್ಲಿ ಐದು ವರ್ಷ ನಾನು ನಿಪ್ಪಾಣಿಯಲ್ಲೇ ಇದ್ದೆ. ಕೊಗನೊಳ್ಳಿಯ ಬಸ್ಸು ನಮ್ಮ ಶಾಲೆಯ ಮುಂದೆಯೇ ನಿಲ್ಲುತ್ತಿತ್ತು.