ಗಂಗಾಳ ಖಾಲಿ ಮಾಡಿಸಿದ ಮಾಮಾ

ಎರಡು ವಾರದ ಹಿಂದೆ ಇದೇ ಕಾಲಮ್ಮಿನಲ್ಲಿ, ಊಟಕ್ಕೆ ಹಟ ಮಾಡುವ ಮಕ್ಕಳ ಬಗ್ಗೆ ದೊಡ್ಡ ಶಾಣ್ಯಾನಂತೆ ಬರೆದಿದ್ದೆ. ನೆನಪಿದೆಯೇ? ಹೊಟ್ಟೆ ತುಂಬಿದವನಿಗೆ ಹುಗ್ಗಿ ಮುಳ್ಳು, ಎದ್ದು ಹೋಗಲು ಬಿಡಬೇಡಿ, ಗಂಗಾಳ ಖಾಲಿ ಮಾಡಿಸಿ ಎಂದೆಲ್ಲ. ಯಾರಾದರೂ ಅದನ್ನು ಪಾಲಿಸುತ್ತಿದ್ದರೆ, ಕೈ ಮುಗಿದು ಕೇಳುತ್ತೇನೆ, ಇವತ್ತೇ ನಿಲ್ಲಿಸಿ.

ಮೊನ್ನೆ ರವಿವಾರ ಹಿರೇಬೆಂಡಿಗೇರಿಗೆ ಹೋಗಿದ್ದೆ. ನನ್ನ ತಂಗಿ ಗೌರವ್ವನ ಗಂಡನ ಮನೆ ಅಲ್ಲಿದೆ. ಹದಿನಾಲ್ಕು ಜನರ ಸಂಸಾರ. ಗೌರವ್ವನ ಮಡಿಲಲ್ಲಿ ನಾಲ್ಕು ತಿಂಗಳ ಕೂಸು. ದೊಡ್ಡವಳು ನೀಲಾ, ಏಳು ವರ್ಷ. (ಕಡ್ಡಿಗೆ ಲಂಗ ತೊಡಿಸಿದ ಹಾಗಿದ್ದಾಳೆ.)

ಹೊಸ್ತಿಲು ದಾಟುತ್ತಲೇ ತಂಗಿಯ ಅತ್ತೆ ದೂರು ಶುರು ಮಾಡಿದರು. "ಮಾಸ್ತರ, ಈ ನೀಲಾಗ ಒಂದೀಟು ಬುದ್ಧಿ ಹೇಳ್ರಿ. ಏನ್ ನೀಡಿದ್ರೂ ಅರ್ಧಾ ಬಿಡ್ತಾಳ. ಪುಂಡಿಪಲ್ಯ ಒಲ್ಲೆ, ಝುಣಕ ಒಲ್ಲೆ, ರೊಟ್ಟಿ ಒಲ್ಲೆ. ಈ ಲಡಾಯಿ ಕಾಲದಾಗ ಜ್ವಾಳ ಏನ್ ಮುಗಿಲಿಂದ ಉದುರತಾವೇನ್ರಿ?"

ಮಾತು ಖರೆ. ಯುದ್ಧಕ್ಕೆಂದು ಸರಕಾರ ಕಡ್ಡಾಯವಾಗಿ ಎತ್ತುವ ಲೆವಿಗೆ ಅಳೆದುಕೊಟ್ಟ ಮೇಲೆ, ನೆಲದೊಳಗಿನ ಹಗೇವಿನಲ್ಲಿ ಉಳಿದ ಜೋಳ ಅಷ್ಟಕ್ಕಷ್ಟೇ. ಗಂಡಸರಿಗೆ ಮೂರು ರೊಟ್ಟಿ, ಮಕ್ಕಳಿಗೆ ಒಂದೂವರೆ ಎಂದು ಅತ್ತೆಯವರು ನೇಮ ಮಾಡಿದ್ದಾರೆ. ಸೊಸೆಯಂದಿರಿಗೆ? ಅದನ್ನು ನಾನು ಕೇಳಲಿಲ್ಲ. (ಕೇಳಬೇಕೆಂದು ಹೊಳೆಯಲೂ ಇಲ್ಲ.)

ದೀಪ ಹಚ್ಚುವ ಹೊತ್ತಿಗೆ ಗಂಡಸರು, ಮಕ್ಕಳು ಸಾಲಾಗಿ ಕುಳಿತೆವು. ನೀಲಾ ನನ್ನ ಪಕ್ಕದಲ್ಲಿ. ಅರ್ಧ ರೊಟ್ಟಿ ತಿಂದಳು. ಉಳಿದದ್ದನ್ನು ಪಲ್ಯದ ಜೊತೆ ಗಂಗಾಳದ ಬದಿಗೆ ನೀಟಾಗಿ ಸರಿಸಿ, "ನಂಗ ಸೇರೂದಿಲ್ಲ" ಎಂದು ಎದ್ದಳು.

ಸಿಕ್ಕಿತಲ್ಲ ಕೇಸು! ರಟ್ಟೆ ಹಿಡಿದು ಕೂಡಿಸಿದೆ. "ಗಂಗಾಳ ಖಾಲಿ ಆಗೂತನಕ ಏಳಂಗಿಲ್ಲ."

"ಒಲ್ಲೆ ಮಾಮಾ, ಹೊಟ್ಟಿ ತುಂಬೇತಿ."

"ಸುಳ್ಳ ಹೇಳಬ್ಯಾಡ. ತಿನ್ನು!"

ಅಡುಗೆಮನೆಯ ಬಾಗಿಲಲ್ಲಿ ನಿಂತು ಗೌರವ್ವ, "ಇರ್ಲಿ ಬಿಡಣ್ಣಾ, ಸಣ್ಣಾಕಿ ಅದಾಳ" ಎಂದಳು. ನಾನು ಕೇಳಬೇಕಲ್ಲ? ಹುಡುಗಿ ಅಳುತ್ತಲೇ ತಿಂದಳು. ಎಷ್ಟು ಬೇಗ ತಿಂದಳೆಂದರೆ, ನಾಲ್ಕೇ ತುತ್ತಿಗೆ ಎಲ್ಲ ಮಾಯ. ಕೊನೆಗೆ ಬೆರಳನ್ನೂ ನೆಕ್ಕಿದಳು. ಸೇರದ ಪಲ್ಯ ತಿನ್ನುವ ರೀತಿಯೇ ಅದು? ಗೆದ್ದ ಹುರುಪಿನಲ್ಲಿ ನನಗೆ ಅದು ಕಾಣಲಿಲ್ಲ. "ಶಬ್ಬಾಸ್ ಮಾಸ್ತರ!" ಎಂದರು ಅತ್ತೆಯವರು.

ಸ್ವಲ್ಪ ಹೊತ್ತಿಗೆ ಅಡಿಕೆ ಕೇಳಲು ಅಡುಗೆಮನೆಗೆ ಹೋದೆ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ತಾಯಿ ಉಣ್ಣುವುದು ಮಕ್ಕಳು ಉಂಡೆದ್ದ ಗಂಗಾಳದಲ್ಲೇ. ಗೌರವ್ವ ನೀಲಾಳ ಗಂಗಾಳ ಮುಂದಿಟ್ಟುಕೊಂಡು ಕುಳಿತಿದ್ದಳು. ರೊಟ್ಟಿ ಬುಟ್ಟಿ ಬರಿದಾಗಿತ್ತು. ಅದರ ತಳದ ಚೂರುಗಳನ್ನು ಉದುರಿಸಿಕೊಂಡು, ಉಪ್ಪು ಹಾಕಿ, ನೀರಿನಲ್ಲಿ ಕಲಸುತ್ತಿದ್ದಳು. ತೊಡೆಯ ಮೇಲಿನ ಕೂಸು ಹಾಲು ಸಾಲದೆ ಚೀರುತ್ತಿತ್ತು.

ಅಡಿಕೆ ಕೇಳುವುದು ಮರೆತೇಹೋಯಿತು.

ಒಲೆಯ ಪಕ್ಕದಲ್ಲಿದ್ದ ನೀಲಾ ನನ್ನನ್ನು ದುರುಗುಟ್ಟಿ ನೋಡಿದಳು. "ಅದು ಅವ್ವಂದಿತ್ತು. ನೀ ನನಗ ತಿನ್ನಿಸಿದಿ."

ಅಯ್ಯೋ ಶಿವನೇ! ಇಷ್ಟು ದಿನ ಈ ಹುಡುಗಿ ಹಸಿದುಕೊಂಡೇ ಏಳುತ್ತಿತ್ತೇ? ಹಟಮಾರಿ ಎಂದು ಬೈಸಿಕೊಂಡೂ ಬಾಯಿ ಬಿಡಲಿಲ್ಲವೇ?

"ಗೌರವ್ವಾ, ನಿಂಗ ಗೊತ್ತಿತ್ತೇನು?"

ತಂಗಿ ತಲೆ ಎತ್ತಲಿಲ್ಲ. "ಮೊದಲ ತಿಳೀಲಿಲ್ಲ. ತಿಳದ ಮ್ಯಾಲೂ ಉಂಡೆ, ಅಣ್ಣಾ. ಕೂಸಿಗೆ ಹಾಲು ಬೇಕಲ್ಲ."

ಹೊರಗೆ ಬಂದು ಅತ್ತೆಯವರ ಮೇಲೆ ರೇಗಿದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ನಾನೂ ಹಿಂಗ ಉಂಡು ಐದು ಮಕ್ಕಳನ್ನ ಬೆಳೆಸೇನ್ರಿ, ಮಾಸ್ತರ. ಹೆಂಗಸ್ರು ಮತ್ತೆಲ್ಲಿ ಉಣಬೇಕು?"

ಮರುದಿನ ಶಿಗ್ಗಾಂವಿಯ ನಮ್ಮ ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿದೆ. ಗೌರವ್ವನ ಅತ್ತೆಯನ್ನು ಬೈದೆ, ಲೆವಿಯನ್ನು ಬೈದೆ, ಲಡಾಯಿಯನ್ನೂ ಬೈದೆ. ಅವಳು ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ಯಾವುದಕ್ಕೂ ಅವಳಿಗೆ ಅಚ್ಚರಿಯಾಗಲಿಲ್ಲ. ನನಗೆ ಅನುಮಾನ ಬಂತು.

"ಅಲ್ಲಾ, ನೀ ನಿನ್ನೆ ಏನ್ ಉಂಡಿ?"

"ಮದುವ್ಯಾಗಿ ಹನ್ನೊಂದು ವರ್ಷಾತು. ಇವತ್ತ ಕೇಳಿದ್ರಿ" ಎಂದಳು. ಮೊರ ಎತ್ತಿಕೊಂಡು ಒಳಗೆ ಹೋದಳು.

ನಿಮ್ಮ ಮನೆಯಲ್ಲಿ ನಿನ್ನೆ ಎಲ್ಲರಿಗಿಂತ ಕೊನೆಗೆ ಕುಳಿತವರು ಏನು ಉಂಡರು, ಹೇಳಿ ನೋಡೋಣ?